ಅಕ್ಕ ಕಲ್ಲು ಕುದಿಸಿದ್ದು

ಸಾಕುವ ಮೀನು ಮಾರುವ ಅಂಗಡಿಯವನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ. ನಮ್ಮಕ್ಕ ಆಸ್ಪತ್ರೆಯ ಮಂಚದ ಮೇಲೆ ಒಂದೊಂದು ಉಸಿರಿಗೂ ಒದ್ದಾಡಿದ್ದು ಅವನು ಮಾರಿದ ಕಲ್ಲಿನಿಂದ. ಅವನ ಅಂಗಡಿಗೇ ಹೋಗಿ ಕೇಳಿದೆ. ಇಷ್ಟು ವರ್ಷ ನಿನ್ನ ಹತ್ತಿರ ಉಪ್ಪು ಕೊಂಡಳು, ಮರಳು ಕೊಂಡಳು, ಲೈಟು ಕೊಂಡಳು, ಆ ಕಲ್ಲಿನ ಮೇಲೆ ಬೆಳೆಯುವುದರಲ್ಲಿ ವಿಷವಿದೆ ಅಂತ ಒಂದು ಮಾತು ಹೇಳಲು ನಿನ್ನ ನಾಲಿಗೆಗೆ ಏನಾಗಿತ್ತು ಅಂದೆ. ಪುಟ್ಟ ಬಲೆಯಲ್ಲಿ ಯಾರಿಗೋ ಮೀನು ಹಿಡಿದುಕೊಡುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ.

"ಕುದಿಸಿ ಅಂತ ನಾನು ಹೇಳಿದ್ನಾ?"

ಅಷ್ಟೇ ಅವನ ಉತ್ತರ. ನನ್ನ ಕೈ ಮುಷ್ಟಿ ಕಟ್ಟಿತ್ತು. ಆದರೆ ಆ ಅಂಗಡಿಯಲ್ಲಿ ಎಡಕ್ಕೂ ಗಾಜು, ಬಲಕ್ಕೂ ಗಾಜು, ಎಲ್ಲದರಲ್ಲೂ ನೀರು. ಒಂದು ಏಟು ಹಾಕಿದ್ದರೆ ಬೀದಿಯವರೆಗೆ ಮೀನು ಹರಿಯುತ್ತಿತ್ತು. ಪಾಪದ ಮೀನುಗಳ ಮುಖ ನೋಡಿ ಸುಮ್ಮನೆ ಹೊರಗೆ ಬಂದೆ. ಅವನ ವಿಷಯ ಇಲ್ಲಿಗೆ ಸಾಕು. ನಾನು ಬರೆಯಲು ಕೂತದ್ದು ಅಕ್ಕನ ಬಗ್ಗೆ. ನನ್ನದು ವೆಲ್ಡಿಂಗ್ ಕೆಲಸ. ಶಾಲೆಯ ಒಳಗೆ ಕೂತಿದ್ದಕ್ಕಿಂತ ಶಾಲೆಯ ಗೋಡೆ ಹಾರಿದ್ದೇ ಹೆಚ್ಚು. ತಪ್ಪು ಕಂಡರೆ ನೀವೇ ಸರಿಮಾಡಿಕೊಂಡು ಓದಬೇಕು.

ಅಕ್ಕ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸದವಳು. ನಮ್ಮಮ್ಮ ತೀರಿಕೊಂಡಾಗ ಅವಳಿಗೆ ಗೆಳತಿಯರ ಜೊತೆ ಓಡಾಡುವ ವಯಸ್ಸು, ನನಗೆ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸು. ಆಗಲೇ ಆ ಕೆಲಸಕ್ಕೆ ಸೇರಿ ನನ್ನನ್ನು ಸಾಕಿದಳು. ಅವಳ ಕೆಲಸದ ಜಾಗ ಆಸ್ಪತ್ರೆಯ ನೆಲಮಾಳಿಗೆ. ಅಲ್ಲಿ ಕಿಟಕಿಯೇ ಇಲ್ಲ. ಮೇಲಿನ ಎಲ್ಲ ವಾರ್ಡುಗಳ ಹಾಸಿಗೆ ಬಟ್ಟೆ, ಡಾಕ್ಟರುಗಳ ಕೋಟು, ಆಪರೇಶನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಮೂಟೆ ಮೂಟೆಯಾಗಿ ಕೆಳಗೆ ಬೀಳುತ್ತದೆ. ಏನೇನು ಕಲೆ ಇರುತ್ತದೆಂದು ನಾನು ಬರೆಯುವುದಿಲ್ಲ. ಎಲ್ಲವೂ ಕುದಿಯುವ ನೀರಿಗೆ ಹೋಗಿ, ಬಿಳಿಯಾಗಿ, ಬಿಸಿಯಾಗಿ ಹೊರಗೆ ಬರುತ್ತದೆ. ದಿನವಿಡೀ ಹಬೆ. ಒಬ್ಬರ ಮುಖ ಒಬ್ಬರಿಗೆ ಕಾಣದೆ ಅಲ್ಲಿನ ಹೆಂಗಸರು ದನಿಯಲ್ಲೇ ಗುರುತು ಹಿಡಿಯುತ್ತಾರೆ.

ಇಡೀ ಆಯುಷ್ಯ ಹಾಗೆ ಕಳೆದವಳಿಗೆ ಕುದಿಯುವ ನೀರಿನ ಮೇಲೆ ಇದ್ದ ನಂಬಿಕೆ ಇನ್ಯಾವುದರ ಮೇಲೂ ಇರಲಿಲ್ಲ. ಬಾಚಣಿಗೆ ಕುದಿಸುತ್ತಿದ್ದಳು, ಚಮಚ ಕುದಿಸುತ್ತಿದ್ದಳು. ಚಿಕ್ಕವನಿದ್ದಾಗ ನನ್ನ ಗೋಲಿಗಳನ್ನೂ ಕುದಿಸಿದ್ದಳು. ಬೀದಿಯ ಹುಡುಗರೆಲ್ಲ ವಾರಗಟ್ಟಲೆ ನನ್ನನ್ನು ಆಡಿಕೊಂಡಿದ್ದರು. ಯಾವುದಕ್ಕೇ ಏನಾಗಲಿ, "ಒಂದು ಕುದಿ ಬರಲಿ, ಸರಿಹೋಗುತ್ತೆ" ಅನ್ನುವುದೇ ಅವಳ ಮಾತು. ಭಾವ ಬಸ್ಸಿನ ಕಂಡಕ್ಟರು, ಟಿಕೆಟಿನ ಜೊತೆ ಒಂದು ನಗೆಮಾತನ್ನೂ ಹರಿದು ಕೊಡುವ ಮನುಷ್ಯ. ಮದುವೆಯಾದ ಹೊಸದರಲ್ಲಿ ತನ್ನನ್ನೂ ಒಂದು ಕುದಿ ಬರಿಸಿಯೇ ಮನೆಯೊಳಗೆ ಬಿಟ್ಟುಕೊಂಡಳು, ಅದಕ್ಕೇ ಬಣ್ಣ ಸ್ವಲ್ಪ ಬಿಟ್ಟುಹೋಗಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಂಥವಳಿಗೆ ಸಮುದ್ರದ ಹುಚ್ಚು ಹಿಡಿದದ್ದು ಹೇಗೆಂದರೆ, ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಾಲ್‌ನಲ್ಲಿ ಒಂದು ಗಾಜಿನ ಟ್ಯಾಂಕು ಇತ್ತು. ಉಪ್ಪುನೀರಿನದು. ಮಾಮೂಲಿ ಬಣ್ಣದ ಮೀನಿನ ಡಬ್ಬಿಯಲ್ಲ. ಒಳಗೆ ಕಲ್ಲು, ಕಲ್ಲಿನ ಮೇಲೆ ಹವಳ, ಹವಳದ ನಡುವೆ ಬಿಳಿಪಟ್ಟೆಯ ಕಿತ್ತಳೆ ಮೀನು. ಅಕ್ಕ ಊಟದ ಬಿಡುವಿನಲ್ಲಿ ಹಬೆಯಿಂದ ಮೇಲೆ ಹತ್ತಿಬಂದು ಅದರ ಮುಂದೆ ಕೂರುತ್ತಿದ್ದಳು. ಹಾಲ್ ರಿಪೇರಿಗೆ ಬಂದಾಗ ಟ್ಯಾಂಕು ಯಾರಿಗೂ ಬೇಡವಾಯಿತು. ಕಸಕ್ಕೆ ಹಾಕುವುದಾದರೆ ನನಗೆ ಕೊಡಿ ಎಂದು ಕೇಳಿ, ಒಗೆದ ಬಟ್ಟೆ ತಳ್ಳುವ ಗಾಡಿಯಲ್ಲೇ ಇಟ್ಟು ಮನೆಗೆ ತಂದಳು. ಒಳಗಿನ ಜೀವಗಳು ಅಷ್ಟರಲ್ಲೇ ಸತ್ತಿದ್ದವು. ಬರೀ ಗಾಜು. ಅದಕ್ಕೆ ಹೊಸ ಕಲ್ಲು, ಹೊಸ ಮೀನು ತರಲು ಹೋದಾಗಲೇ ಆ ಅಂಗಡಿಯವನು ಅಂಟಿಕೊಂಡದ್ದು.

ಅಂಗಡಿಯವನಿಗಿಂತ ಹೆಚ್ಚು ಕಲಿಸಿದವಳು ಇನ್ನೊಬ್ಬಳು. ದೂರದ ಯಾವುದೋ ಊರಿನ ಹೆಂಗಸು. ಇದೇ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲಿ ಮಾತಾಡಿಕೊಳ್ಳುವ ಗುಂಪೊಂದರಲ್ಲಿ ಅಕ್ಕನಿಗೆ ಸಿಕ್ಕಿದ್ದಳು. ಇಬ್ಬರೂ ಮುಖ ನೋಡಿದವರಲ್ಲ. ಅಕ್ಕ ಅವಳ ನಂಬರನ್ನು 'ಹವಳದವಳು' ಎಂದು ಬರೆದಿಟ್ಟುಕೊಂಡಿದ್ದಳು, ನಾವೂ ಹಾಗೆಯೇ ಕರೆಯುತ್ತಿದ್ದೆವು. ಬೇರೆ ಹೆಂಗಸರು ಮಕ್ಕಳ ಸುದ್ದಿ, ಸೊಸೆಯ ಸುದ್ದಿ ಮಾತಾಡಿದರೆ ಇವರಿಬ್ಬರದು ನೀರಿನ ಸುದ್ದಿ. ನಿಮ್ಮ ನೀರು ಹೇಗಿದೆ, ಉಪ್ಪು ಎಷ್ಟು ನಿಂತಿದೆ, ರಾತ್ರಿ ತಣ್ಣಗಾಯಿತಾ. ಭಾವ ಅದನ್ನು ಕೇಳಿಸಿಕೊಂಡು, ನಾನು ಜ್ವರ ಬಂದು ಮಲಗಿದಾಗಲೂ ನನ್ನ ಹೆಂಡತಿ ಇಷ್ಟು ವಿಚಾರಿಸಲಿಲ್ಲ ಎನ್ನುತ್ತಿದ್ದರು.

ಅಕ್ಕನ ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ಖಾಲಿಯಾಯಿತು. ಅಲ್ಲಿಂದ ಶುರುವಾಯಿತು ದೊಡ್ಡ ಟ್ಯಾಂಕಿನ ಮಾತು. ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ, ನನ್ನ ಸೊಂಟದಷ್ಟು ಎತ್ತರ. ಅದರ ಕೆಳಗೆ ನೀರು ಸೋಸಲು ಇನ್ನೊಂದು ಚಿಕ್ಕ ಟ್ಯಾಂಕು.

"ಮಗಳ ಮಂಚ ತೆಗೆದು ಸಮುದ್ರ ಹಾಕ್ತಾಳಂತೆ," ಎಂದರು ಭಾವ. "ನಾಳೆ ನನ್ನ ಮಂಚ ತೆಗೆದು ಹಡಗು ತರ್ತಾಳೆ, ನೋಡ್ತಿರು."

ಸ್ಟ್ಯಾಂಡು ಮಾಡುವ ಕೆಲಸ ನನ್ನ ತಲೆಗೆ ಬಂತು. ನೀರಿನ ಭಾರ ಎಷ್ಟೆಂದು ಅಕ್ಕ ಹೇಳಿದಾಗ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡೆ. ಒಂದು ಕಾರನ್ನು ಎತ್ತಿ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ ಹಾಗೆ. ದಪ್ಪ ಚೌಕ ಪೈಪು ತಂದೆ, ಕಾಲಿನಿಂದ ಕಾಲಿಗೆ ಅಡ್ಡಪಟ್ಟಿ ಕೊಟ್ಟೆ, ಬೆಸುಗೆಯೆಲ್ಲ ಉಜ್ಜಿ ಬಣ್ಣ ಹೊಡೆದೆ. ಗಾಜು ಬಂತು. ಮೊದಲು ಬರೀ ಸಿಹಿನೀರು ತುಂಬಿ ನೋಡಬೇಕೆಂದು ಹವಳದವಳು ಹೇಳಿದ್ದಳು. ತುಂಬಿದೆವು. ನೀರು ಒಂದು ತುದಿಯಲ್ಲಿ ಬೆರಳಗಲ ಮೇಲೆ ನಿಂತಿತು. ನೀರು ಸುಳ್ಳು ಹೇಳುವುದಿಲ್ಲವಲ್ಲ. ನೆಲ ಓರೆಯಾಗಿದೆ, ಮನೆ ಕಟ್ಟಿದವನು ಕಣ್ಣು ಮುಚ್ಚಿ ಕಟ್ಟಿದ್ದಾನೆ ಎಂದು ನಾನು ಕೂಗಾಡಿದೆ. ಅಕ್ಕ ಬಚ್ಚಲಿನಿಂದ ಬಕೆಟ್ಟುಗಳನ್ನು ತಂದಳು. ಒಂದು ಬಕೆಟ್ಟು ನನ್ನ ಮುಂದಿಟ್ಟಳು, ಒಂದು ತಾನು ತೆಗೆದುಕೊಂಡಳು. ನಾನು, ಅವಳು, ಭಾವ ಮೂವರೂ ಸಾಲಾಗಿ ನಿಂತು ನೀರನ್ನೆಲ್ಲ ಬಚ್ಚಲಿಗೆ ಹೊತ್ತೆವು. ಮುಂದೆ ನಿಂತ ಭಾವ, ಟಿಕೆಟ್ ಟಿಕೆಟ್ ಎಂದು ಪ್ರತಿ ಬಕೆಟ್ಟಿಗೂ ಕೂಗಿದರು. ನಾನು ಸ್ಟ್ಯಾಂಡಿನ ಎರಡು ಕಾಲು ಕೊಯ್ದು ಮತ್ತೆ ಬೆಸೆದೆ. ಎರಡನೆಯ ಸಲ ನೀರು ಗೆರೆ ಎಳೆದ ಹಾಗೆ ನಿಂತಾಗ ಅಕ್ಕ ಗಾಜಿನ ಮೇಲೆ ಅಂಗೈ ಇಟ್ಟು, "ನಿನ್ನ ಕೋಪ ಇಷ್ಟು ಸಮ ನಿಂತಿದ್ದಿದ್ರೆ ಯಾವತ್ತೋ ಮದುವೆಯಾಗಿರ್ತಿದ್ದೆ ಕಣೋ ಪುಟ್ಟ," ಎಂದಳು. ನಡು ವಯಸ್ಸಿನವನನ್ನು ಪುಟ್ಟ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ.

ಆಮೇಲೆ ಉಪ್ಪು. ಅಡುಗೆ ಉಪ್ಪು ಸುರಿದರೆ ಆಗಲ್ಲವಾ ಎಂದು ಕೇಳಿ ಭಾವ ಬೈಸಿಕೊಂಡರು. ಇದಕ್ಕೆ ಬೇರೆ ಉಪ್ಪು, ಮೂಟೆಯಲ್ಲಿ ಬರುತ್ತದೆ. ಸೋಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿ, ಉಪ್ಪು ಹಾಕಿ, ಬಟ್ಟೆ ತಿರುವುವ ಹಳೆಯ ಕೋಲಿನಿಂದ ಅಕ್ಕ ಅದನ್ನು ಕಲಕುತ್ತಿದ್ದಳು. ಕಲಕಿ, ಅಳೆದು, ಮತ್ತೆ ಕಲಕುವುದು. ಬಿಳಿ ಮರಳು ಹಾಸಿದಳು. ಪಂಪು ಓಡಿಸಿದಳು. ಆಮೇಲೆ ವಾರಗಟ್ಟಲೆ ಕಾಯುವುದು. ನೀರು ಹಣ್ಣಾಗಬೇಕಂತೆ, ಅಲ್ಲಿಯವರೆಗೆ ಒಂದು ಮೀನೂ ಬಿಡಬಾರದು. ಭಾವ ತಮ್ಮ ಡಿಪೋದವರನ್ನು ಮನೆಗೆ ಕರೆತಂದು, ನೀಲಿ ಲೈಟು ಹಾಕಿ, ಏನೂ ಇಲ್ಲದ ಆ ನೀರನ್ನು ತುಂಬ ಗಂಭೀರವಾಗಿ ತೋರಿಸುತ್ತಿದ್ದರು. ಕೊನೆಗೆ ಕಿತ್ತಳೆ ಮೀನು ಎರಡು, ಒಂದಿಷ್ಟು ಸಿಗಡಿ, ಆಸ್ಪತ್ರೆಯಿಂದ ತಂದ ಹಳೆಯ ಟ್ಯಾಂಕಿನಲ್ಲಿ ಬೆಳೆಸಿದ್ದ ಹವಳಗಳು, ಒಂದೊಂದಾಗಿ ದೊಡ್ಡದಕ್ಕೆ ಹೋದವು. ನಾನು ಅಷ್ಟು ಬೈದವನು ಮೊದಲ ದಿನ ಅದರ ಮುಂದೆ ಕೂತು ಟೀ ಆರಿಸಿಬಿಟ್ಟೆ.

ಹಳೆಯ ಟ್ಯಾಂಕಿನಲ್ಲಿ ಉಳಿದದ್ದು ಅಂಗಡಿಯವನು ಕೊಟ್ಟಿದ್ದ ದೊಡ್ಡ ಕಲ್ಲುಗಳು. ಅವುಗಳ ಮೇಲೆ ಕಂದು ಬಣ್ಣದ, ಅಂಗಿಯ ಗುಂಡಿಯಂಥ ಜೀವಗಳು ಒತ್ತೊತ್ತಾಗಿ ಬೆಳೆದಿದ್ದವು. ಕೈ ಹತ್ತಿರ ಬಂದರೆ ಮುಚ್ಚಿಕೊಳ್ಳುವುದು, ಸರಿದರೆ ತೆರೆದುಕೊಳ್ಳುವುದು. ನೋಡಲು ಚೆಂದ. ಆದರೆ ಬಿಟ್ಟರೆ ಎಲ್ಲವನ್ನೂ ಮುಚ್ಚಿಹಾಕುತ್ತವೆ ಎಂದು ಅಕ್ಕ ಗೊಣಗುತ್ತಿದ್ದಳು. ಕಲ್ಲು ಬೇಕು, ಗುಂಡಿಗಳು ಬೇಡ. ನೀರು ಹೇಗಿರಬೇಕು, ಬೆಳಕು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಹವಳದವಳನ್ನು ಕೇಳಿ ಕೇಳಿ ಮಾಡಿದವಳು ಇದೊಂದನ್ನು ಕೇಳಲಿಲ್ಲ. ಯಾಕೆ ಕೇಳುತ್ತಾಳೆ? ಕೊಳೆ ತೆಗೆಯುವುದು ಅವಳ ಕಸುಬು. ನಾನು ಕಬ್ಬಿಣ ಕೊಯ್ಯುವುದು ಹೇಗೆಂದು ಯಾರನ್ನಾದರೂ ಕೇಳುತ್ತೇನೆಯೇ.

ಅವತ್ತು ರಜೆಯ ದಿನ. ಬೆಳಗ್ಗೆಯೇ ಚಳಿಗಾಳಿ ಬೀಸುತ್ತಿತ್ತು, ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ದೊಡ್ಡ ಟ್ಯಾಂಕಿನ ಮೇಲೆ ಲೈಟು ತೂಗುಹಾಕುವ ಕಂಬಿ ಕೂರಿಸಲು ನಾನು ಹೋದೆ. ಅಡುಗೆಮನೆಯಲ್ಲಿ ಅಕ್ಕ ಅತಿ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟು, ಅದರಲ್ಲಿ ಕಲ್ಲುಗಳನ್ನು ಮುಳುಗಿಸಿ, ಕೋಲಿನಿಂದ ತಿರುವುತ್ತಿದ್ದಳು. ಅಡುಗೆಮನೆ ತುಂಬ ಹಬೆ. ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ಕೊಳೆತ ಬಲೆಯ ವಾಸನೆ. ಏನು ಅಡುಗೆ ಅಕ್ಕ ಎಂದರೆ, "ಕಲ್ಲಿನ ಸಾರು. ನಿಮ್ಮ ಭಾವನಿಗೆ ಹಲ್ಲು ಗಟ್ಟಿ ಇದೆ, ತಿಂತಾರೆ," ಎಂದಳು. ಭಾವ ಪಕ್ಕದ ಹಾಲ್‌ನಲ್ಲಿ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ನಾನು ಮಗಳ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಗೋಡೆ ಕೊರೆದರೆ ಧೂಳು ಎಲ್ಲ ಕಡೆ ಹರಡುತ್ತದೆ ಎಂದು ಬಾಗಿಲು ಮುಚ್ಚಿದ್ದು, ಅದಕ್ಕೇ ಕಿಟಕಿ ತೆರೆದಿದ್ದು. ಅವೆರಡೇ ನನ್ನನ್ನು ಉಳಿಸಿದ್ದೆಂದು ಆಮೇಲೆ ತಿಳಿಯಿತು.

ಕೆಲಸ ಮುಗಿಸಿ ಬಾಗಿಲು ತೆರೆದಾಗ ಅಕ್ಕ ಹಾಲ್‌ನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕೆಮ್ಮುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಬಾಯಿ ತುಂಬ ತಾಮ್ರದ ಚೊಂಬು ನೆಕ್ಕಿದ ಹಾಗಿದೆ ಎಂದಳು. ಭಾವ ಎದ್ದು ಕೂತು ತಾವೂ ಕೆಮ್ಮುತ್ತಿದ್ದರು, ಕಾಲು ಸೆಳೆಯುತ್ತಿದೆ ಎನ್ನುತ್ತಿದ್ದರು. ಹೊಗೆ ಕುಡಿದಿದ್ದೀರಿ ಎಂದು ಬೈದು ನಾನು ಒಲೆ ಆರಿಸಿದೆ, ಕಿಟಕಿಗಳನ್ನು ತೆರೆದೆ. ಒಲೆಯ ಹತ್ತಿರ ನಿಂತ ಅಷ್ಟು ಹೊತ್ತಿಗೇ ನನ್ನ ನಾಲಿಗೆಯ ಮೇಲೂ ಆ ಲೋಹದ ರುಚಿ ಬಂತು. ಇಷ್ಟು ವರ್ಷ ವೆಲ್ಡಿಂಗ್ ಹೊಗೆ ಕುಡಿದವನು ನಾನು. ಇದು ಆ ರುಚಿಯಲ್ಲ.

ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಚಳಿ ಹಿಡಿಯಿತು. ಎಂಥ ಚಳಿ ಎಂದರೆ ಅವಳು ಕೂತ ಕುರ್ಚಿ ನೆಲದ ಮೇಲೆ ಟಕಟಕ ಸದ್ದು ಮಾಡಿತು. ಮನೆಯಲ್ಲಿದ್ದ ಹೊದಿಕೆಯೆಲ್ಲ ಹೊದಿಸಿದೆ. ಆಮೇಲೆ ಉಸಿರು ಎಳೆದುಕೊಳ್ಳಲು ಶುರುಮಾಡಿದಳು. ಒಳಗೆ ಎಳೆದದ್ದು ಹೊರಗೆ ಬರುತ್ತಿಲ್ಲ, ಹೊರಗೆ ಬಿಟ್ಟದ್ದು ಒಳಗೆ ಹೋಗುತ್ತಿಲ್ಲ. ಆಂಬುಲೆನ್ಸು ಕರೆಸಿ, ಇಬ್ಬರನ್ನೂ ಹತ್ತಿಸಿ, ಮನೆಗೆ ಬೀಗ ಹಾಕಿ, ಸ್ಕೂಟರಿನಲ್ಲಿ ಹಿಂದೆಯೇ ಅವಳದೇ ಆಸ್ಪತ್ರೆಗೆ ಹೋದೆ.

ಎಳೆ ವಯಸ್ಸಿನ ಡಾಕ್ಟರೊಬ್ಬರು ನೋಡಿದರು. ಏನು ತಿಂದಿರಿ ಎಂದರು. ಗ್ಯಾಸು ಸೋರಿತಾ ಎಂದರು. ಸೊಳ್ಳೆಗೆ ಏನಾದರೂ ಹೊಡೆದಿರಾ ಎಂದರು. ಕಲ್ಲು ತೊಳೆಯುತ್ತಿದ್ದಳು ಎಂದೆ, ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಕಲ್ಲು ತೊಳೆದರೆ ಯಾರಿಗಾದರೂ ಉಸಿರು ಕಟ್ಟುತ್ತದೆಯೇ, ನನಗೂ ಅದು ಮುಖ್ಯ ಎನಿಸಿರಲಿಲ್ಲ. ಜ್ವರ ಎದೆಗೆ ಇಳಿದಿದೆ ಎಂದು ಔಷಧಿ ಹಾಕಿದರು. ಭಾವನಿಗೆ ಬೇಗ ಸ್ವಲ್ಪ ಹಿಡಿತ ಸಿಕ್ಕಿತು. ಅಕ್ಕನಿಗೆ ಸಿಗಲಿಲ್ಲ. ಅವಳ ತುಟಿಯ ಬಣ್ಣ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ನಿಮ್ಮೆಲ್ಲರ ಕೋಟು ಒಗೆಯುವವಳು ಸಾಯುತ್ತಿದ್ದಾಳೆ ಎಂದು ಆಸ್ಪತ್ರೆ ಅದುರುವ ಹಾಗೆ ಕೂಗಿದೆ. ಅಷ್ಟು ಸಂಕಟದಲ್ಲೂ ಅಕ್ಕ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು. ಏನೋ ಕೊನೆಯ ಮಾತು ಹೇಳುತ್ತಾಳೆಂದು ಬಗ್ಗಿದೆ. ಹೊದ್ದಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ತೋರಿಸಿದಳು.

"ಇದು ನಮ್ಮ ಪಾಳಿಯದ್ದಲ್ಲ. ಕಲೆ ಹಾಗೇ ಇದೆ ನೋಡು."

ಅಷ್ಟು ಹೇಳಲು ಅವಳಿಗೆ ಎಷ್ಟೋ ಹೊತ್ತು ಹಿಡಿಯಿತು.

ಸಂಜೆಗೆ ಮುಂಚೆ ಅಕ್ಕನ ಫೋನು ನನ್ನ ಜೇಬಿನಲ್ಲಿ ಅಲುಗಿತು. ಹವಳದವಳು. ದಿನದ ನೀರಿನ ಸುದ್ದಿ ಕೇಳಲು ಮಾಡಿದ್ದು. ನಾನು ಅವಳ ಜೊತೆ ಒಮ್ಮೆಯೂ ಮಾತಾಡಿದವನಲ್ಲ. ನಿಮ್ಮ ನೀರೂ ಬೇಡ ಮೀನೂ ಬೇಡ, ಇಲ್ಲಿ ನಮ್ಮಕ್ಕನಿಗೆ ಉಸಿರಾಡಲು ಆಗುತ್ತಿಲ್ಲ, ಫೋನಿಡಿ ಎಂದೆ. ಅವಳು ಇಡಲಿಲ್ಲ. ಮೆಲ್ಲಗಿನ ದನಿ, ವಯಸ್ಸಾದವಳ ದನಿ.

"ಬಾಯಲ್ಲಿ ಲೋಹದ ರುಚಿ ಬಂತು ಅಂದ್ರಾ?"

ಡಾಕ್ಟರಿಗೂ ನಾನು ಅದನ್ನು ಹೇಳಿರಲಿಲ್ಲ. ಹೌದು ಎಂದೆ.

"ಆ ಹಳೇ ಟ್ಯಾಂಕಿನ ಕಲ್ಲನ್ನ ಏನು ಮಾಡಿದ್ರು?"

"ಕುದಿಸಿದ್ಲು."

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು.

"ತಮ್ಮಾ, ಕೇಳಿ. ಆ ಗುಂಡಿಯಂಥದ್ದರ ಒಳಗೆ ವಿಷ ಇರುತ್ತೆ. ನೀರಲ್ಲಿ ಅದರ ಪಾಡಿಗೆ ಬಿಟ್ರೆ ಏನೂ ಮಾಡಲ್ಲ. ಕುದಿಸಿದ್ರೆ ಹಬೇಲಿ ಮೇಲೆ ಬರುತ್ತೆ. ಅಕ್ಕ ಅದನ್ನ ಕುಡಿದಿದಾರೆ. ಈಗಲೇ ಡಾಕ್ಟ್ರ ಕೈಗೆ ಫೋನ್ ಕೊಡಿ. ಆ ಮನೆಗೆ ಯಾರನ್ನೂ ಬಿಡಬೇಡಿ."

ಡಾಕ್ಟರ ಕೈಗೆ ಫೋನು ಕೊಟ್ಟೆ. ಮೊದಲು ಅವರು ಬೇಸರದಲ್ಲಿ ಕೇಳಿಸಿಕೊಂಡರು. ಆಮೇಲೆ ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡರು. ತಮ್ಮ ಫೋನಿನಲ್ಲಿ ಅದನ್ನು ಹುಡುಕಿ, ನಿಂತಲ್ಲೇ ನಿಂತು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಸಮುದ್ರದ ಒಂದು ಗುಂಡಿಯಷ್ಟು ಜೀವ, ಮಗಳ ಕೋಣೆಯ ಪಕ್ಕದಲ್ಲಿ ಇಷ್ಟು ವರ್ಷ ತೆರೆದು ಮುಚ್ಚಿ ಆಡುತ್ತಿದ್ದದ್ದು, ಒಂದು ಮನೆಯನ್ನೇ ಮುಗಿಸುವಷ್ಟು ವಿಷ ಇಟ್ಟುಕೊಂಡಿತ್ತು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಇದಕ್ಕೆಂದೇ ಮದ್ದು ಇಲ್ಲ, ಉಸಿರಿಗೆ ಆಸರೆ ಕೊಟ್ಟು ಕಾಯುವುದಷ್ಟೇ ಎಂದು ಹೇಳಿ ಡಾಕ್ಟರು ಓಡಿದರು. ನಡೆಯಲಿಲ್ಲ, ಓಡಿದರು.

ಆಗ ನನಗೆ ಹೊಳೆಯಿತು. ಭಾವ ಎಲ್ಲಿ? ಅಕ್ಕನ ಬಟ್ಟೆ ತರುತ್ತೇನೆ, ಹಾಗೇ ಆ ಪಾತ್ರೆಯನ್ನೂ ತೊಳೆದಿಟ್ಟು ಬರುತ್ತೇನೆ ಎಂದು ಹೇಳಿ ಆಗಲೇ ಹೊರಟುಹೋಗಿದ್ದಾರೆಂದು ನರ್ಸು ಹೇಳಿದಳು. ಅವರು ಫೋನು ಒಯ್ದಿರಲಿಲ್ಲ. ನಾನು ಸ್ಕೂಟರು ಹಾರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ: ಮನುಷ್ಯ ಆ ಪಾತ್ರೆಯ ಮೇಲೆ ಬಗ್ಗಿ, ಅಂಗೈಯಿಂದ ಅದನ್ನು ಉಜ್ಜುತ್ತಿದ್ದಾರೆ. ಬೀದಿಯ ತಿರುವಿನಲ್ಲಿ ಬಿದ್ದು ಮೊಣಕಾಲು ತರಚಿತು, ಗೊತ್ತಾಗಲಿಲ್ಲ. ಮನೆಗೆ ಬಂದು ನೋಡಿದರೆ ಭಾವ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

"ಬೀಗ ಹಾಕಿದವನು ನೀನು, ಕೀ ನಿನ್ನ ಜೇಬಲ್ಲಿ," ಎಂದರು. "ಒಂದು ಗಂಟೆಯಿಂದ ನನ್ನ ಮನೆ ಮುಂದೆ ನಾನೇ ಭಿಕ್ಷುಕನ ಹಾಗೆ ಕೂತಿದೀನಿ."

ನಾನು ಅವರ ಪಕ್ಕದಲ್ಲೇ ಕೂತುಬಿಟ್ಟೆ. ವಿಷಯ ಹೇಳಿದೆ. ಅವಳು ಬದುಕುತ್ತಾಳಾ ಎಂದು ಭಾವ ಕೇಳಿದರು. ನನಗೆ ತಿಳಿದಿರಲಿಲ್ಲ. ಹತ್ತಿ ಭಾವ, ಆಸ್ಪತ್ರೆಗೆ ಹೋಗೋಣ ಎಂದು ಸ್ಕೂಟರು ತಿರುಗಿಸಿದೆ.

ಅಕ್ಕನನ್ನು ಉಸಿರಿನ ಯಂತ್ರಕ್ಕೆ ಹಾಕಿದರು. ಗಾಜಿನ ಬಾಗಿಲಿನ ಈ ಕಡೆ ನಾವು, ಆ ಕಡೆ ಅವಳು. ಮಗಳು ಬಂದಳು, ಅಳಿಯ ಬಂದ. ಪಾಳಿ ಮುಗಿದ ಮೇಲೆ ನೆಲಮಾಳಿಗೆಯ ಹೆಂಗಸರು ಒದ್ದೆ ಏಪ್ರನ್ನಿನಲ್ಲೇ ಮೇಲೆ ಹತ್ತಿಬಂದು ಸಾಲಾಗಿ ನಿಂತರು. ಅವರನ್ನು ಬೆಳಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಅವರಲ್ಲಿ ಒಬ್ಬಳು ಕೆಳಗೆ ಹೋಗಿ, ತಮ್ಮ ಪಾಳಿಯಲ್ಲಿ ಒಗೆದ ಹೊದಿಕೆ ತಂದು ನರ್ಸಿನ ಕೈಯಲ್ಲಿ ಕೊಟ್ಟು ಹಾಸಿಸಿದಳು. ಹವಳದವಳು ದಿನಾ ಫೋನು ಮಾಡುತ್ತಿದ್ದಳು. ಈಗ ನೀರಿನ ಸುದ್ದಿ ಕೇಳುತ್ತಿರಲಿಲ್ಲ, ಉಸಿರಿನ ಸುದ್ದಿ ಕೇಳುತ್ತಿದ್ದಳು. ಡಾಕ್ಟರೂ ಅವಳ ನಂಬರು ಬರೆದಿಟ್ಟುಕೊಂಡಿದ್ದರು. ಆ ಫೋನು ಬಂದ ಹೊತ್ತಿಗೆ ಬರದಿದ್ದರೆ ಜ್ವರದ ಮದ್ದು ಹಾಕುತ್ತಾ ಕೂತಿರುತ್ತಿದ್ದೆವು, ಅಷ್ಟೇ, ಎಂದು ಅವರೇ ನನಗೆ ಬಾಯಿಬಿಟ್ಟು ಹೇಳಿದರು.

ಅಕ್ಕ ಒಳಗಿದ್ದಾಗಲೇ ಊರಿನ ಆರೋಗ್ಯ ಕಚೇರಿಯಿಂದ ಮಾಸ್ಕು ಹಾಕಿದ ಜನ ಮನೆಗೆ ಬಂದರು. ಆಸ್ಪತ್ರೆಯಿಂದ ಸುದ್ದಿ ಹೋಗಿತ್ತಂತೆ. ಪಾತ್ರೆ, ಕಲ್ಲು, ಕೋಲು ಎಲ್ಲವನ್ನೂ ದಪ್ಪ ಚೀಲಕ್ಕೆ ಹಾಕಿದರು. ಅಡುಗೆಮನೆಗೆ ಬ್ಲೀಚಿಂಗ್ ನೀರು ಹೊಡೆದರು. ಅಷ್ಟು ಸರಿ. ಆಮೇಲೆ ಬ್ಲೀಚಿಂಗ್ ಡಬ್ಬಗಳನ್ನು ಹೊತ್ತು ಮಗಳ ಕೋಣೆಯ ಕಡೆ ಹೊರಟರು. ಅಲ್ಲಿ ಆ ಗುಂಡಿಗಳಿಲ್ಲ, ಅದರಲ್ಲಿ ಇರುವುದೆಲ್ಲ ಬೇರೆ, ಬೇಕಾದರೆ ಈ ಹೆಂಗಸಿಗೆ ಫೋನು ಮಾಡಿ ಕೇಳಿ ಎಂದು ನಾನು ಅಡ್ಡ ನಿಂತೆ. ಮನೆಯಲ್ಲಿರುವುದನ್ನೆಲ್ಲ ಎಂದು ನಮಗೆ ಹೇಳಿದ್ದಾರೆ ಅಂದರು. ಕೂಗಿದೆ. ಭಾವ ನನ್ನ ತೋಳು ಹಿಡಿದರು, ಆ ಜನ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಕಿಟಕಿಯಿಂದ ನೋಡಿದೆ. ಡಬ್ಬದ ಮೇಲೆ ಡಬ್ಬ ಸುರಿದರು. ಕಿತ್ತಳೆ ಮೀನುಗಳು ಒಮ್ಮೆ ಮೇಲಕ್ಕೆ ಬಂದವು, ಮತ್ತೆ ಬರಲಿಲ್ಲ. ಕೆನ್ನೇರಳೆ, ಹಸಿರು, ಎಲ್ಲ ಬಣ್ಣವೂ ನನ್ನ ಕಣ್ಣೆದುರಿಗೇ ಬಿಟ್ಟುಹೋಗಿ ಬಿಳಿಯಾಯಿತು. ಒಗೆದ ಬಟ್ಟೆಯ ಹಾಗೆ. ಕೊನೆಗೆ ಪಂಪು ನಿಲ್ಲಿಸಿದರು. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

ಅಕ್ಕ ಬದುಕಿದಳು. ಯಂತ್ರ ತೆಗೆದ ದಿನ ಭಾವ ವಾರ್ಡಿನ ಎಲ್ಲರಿಗೂ ಟೀ ಕೊಡಿಸಿ, ಒಬ್ಬೊಬ್ಬರಿಗೂ ಟಿಕೆಟು ಹರಿದುಕೊಟ್ಟ ಹಾಗೆ ಕೈ ಆಡಿಸಿದರು, ಆಮೇಲೆ ಮೆಟ್ಟಿಲ ಕೆಳಗೆ ಹೋಗಿ ಅತ್ತರು. ಮನೆಗೆ ಬಂದವಳು ನೇರ ಮಗಳ ಕೋಣೆಗೆ ಹೋದಳು. ಅಲ್ಲಿ ಆದದ್ದನ್ನು ನಾವು ಯಾರೂ ಅವಳಿಗೆ ಹೇಳಿರಲಿಲ್ಲ. ಒಣಗಿದ ಟ್ಯಾಂಕಿನ ಮುಂದೆ ನಿಂತಳು. ತಳದಲ್ಲಿ ಬಿಳಿ ಮರಳು, ಮರಳಿನ ಮೇಲೆ ಬಿಳಿ ಕಡ್ಡಿಗಳಂಥ ಹವಳ. ನಾನು ಆ ಜನರನ್ನೆಲ್ಲ ಬೈಯಲು ಬಾಯಿ ತೆರೆದೆ.

"ಎಷ್ಟು ಹಾಕಿದ್ರು?" ಎಂದಳು.

ಡಬ್ಬಗಟ್ಟಲೆ ಎಂದೆ.

"ಅಷ್ಟು ಬೇಕಿರಲಿಲ್ಲ," ಎಂದಳು.

ಈಗ ಅವಳಿಗೆ ಹಬೆ ಆಗುವುದಿಲ್ಲ. ಬಿಸಿನೀರಿನ ಸ್ನಾನಕ್ಕೂ ಬಾಗಿಲು ತೆರೆದೇ ಇರಬೇಕು. ಆಸ್ಪತ್ರೆಯವರು ಬಟ್ಟೆ ಮಡಿಸುವ ಕೋಣೆಗೆ ಹಾಕಿದ್ದಾರೆ. ಮೇಲಿನ ಮಹಡಿ, ಕಿಟಕಿ ಇದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ. ನಿಂತಾಗ, ದಣಿವಲ್ಲ, ನೋಟ ಚೆನ್ನಾಗಿದೆ ಎನ್ನುತ್ತಾಳೆ. ಅಲ್ಲಿ ನೋಡಲು ಗೋಡೆ ಬಿಟ್ಟರೆ ಏನೂ ಇಲ್ಲ. ಟ್ಯಾಂಕು ಮಾರುವುದಾ ಎಂದರೆ ಒಂದು ಬಟ್ಟೆ ತಂದು ಅದರ ಗಾಜು ಒರೆಸುತ್ತಾಳೆ.

ಹವಳದವಳಿಗೆ ಮಾತ್ರ ಅಕ್ಕ ದೊಡ್ಡ ಟ್ಯಾಂಕು ಹೋದ ಸುದ್ದಿ ಹೇಳಲಿಲ್ಲ. ನನ್ನನ್ನೂ ಹೇಳಲು ಬಿಡಲಿಲ್ಲ. ಅಷ್ಟು ಮಾಡಿದವಳಿಗೆ ಇದನ್ನು ಕೇಳಿ ನೋವಾಗುವುದು ಬೇಡ, ಸ್ವಲ್ಪ ದಿನ ಹೋಗಲಿ ಎಂದಳು. ಸ್ವಲ್ಪ ದಿನ ಹೋಗುವಷ್ಟರಲ್ಲಿ ಹವಳದವಳಿಂದಲೇ ಮಾತು ಬಂತು. ಅವಳ ಊರಿನಲ್ಲಿ ಬಿರುಗಾಳಿಗೆ ಕಂಬ ಬಿದ್ದು ದಿನಗಟ್ಟಲೆ ಕರೆಂಟು ಇರಲಿಲ್ಲವಂತೆ. ಪಂಪು ನಿಂತು ಅವಳ ಟ್ಯಾಂಕಿನಲ್ಲಿ ಒಂದೂ ಉಳಿದಿಲ್ಲ. ಈ ಹುಚ್ಚಿನವರಲ್ಲಿ ಒಂದು ಪದ್ಧತಿ ಇದೆಯೆಂದು ಅಕ್ಕ ಅವತ್ತು ನನಗೆ ಹೇಳಿದಳು. ಒಳ್ಳೆಯ ಹವಳವನ್ನು ಒಬ್ಬರೇ ಇಟ್ಟುಕೊಳ್ಳುವುದಿಲ್ಲ. ಚೂರು ಮುರಿದು ಗೆಳೆಯರಿಗೆ ಕೊಡುತ್ತಾರೆ, ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ತಮ್ಮದು ಸತ್ತರೆ, ಹಾಗೆ ಪಡೆದವರಿಂದ ಒಂದು ಬೆರಳುದ್ದ ವಾಪಸು ಕೇಳುತ್ತಾರೆ. ಅವಳು ವರ್ಷಗಳ ಹಿಂದೆ ಅಕ್ಕನಿಗೆ ಒಂದು ಕೆನ್ನೇರಳೆ ಹವಳದ ಚೂರು ಕಳಿಸಿದ್ದಳು. ಬೇರೆ ಯಾರ ಹತ್ತಿರವೂ ಅದು ಈಗ ಉಳಿದಿಲ್ಲವಂತೆ. ಅವಸರವಿಲ್ಲ, ನೀವು ಹುಷಾರಾದ ಮೇಲೆ ಒಂದು ಬೆರಳಷ್ಟು ಕೊಡಿ ಎಂದು ಬರೆದಿದ್ದಳು.

ಅಕ್ಕನ ಜೀವಕ್ಕೆ ಪ್ರತಿಯಾಗಿ ಅವಳು ಕೇಳಿದ್ದು ಅಷ್ಟು ಮಾತ್ರ. ಅಂಥದ್ದೇ ಒಂದನ್ನು ಎಲ್ಲಾದರೂ ಹುಡುಕಿ ತರುತ್ತೇನೆ, ಎಷ್ಟು ದೂರವಾದರೂ ಹೋಗುತ್ತೇನೆ ಎಂದೆ. ಅವಳು ಕೇಳಿದ್ದು ಅಂಥದ್ದನ್ನಲ್ಲ, ಅದನ್ನೇ ಎಂದಳು ಅಕ್ಕ. ನಿಜ ಹೇಳಿಬಿಡು ಎಂದೆ. ಅಕ್ಕ ಫೋನು ಕೈಗೆ ತೆಗೆದುಕೊಂಡಳು. ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದು ಕಳಿಸಿದಳು. ನಾನು ನೋಡಿದೆ. ಹವಳ ಚೆನ್ನಾಗಿದೆ, ಇನ್ನೂ ಚಿಕ್ಕದು, ಸ್ವಲ್ಪ ಬೆಳೆಯಲಿ ಎಂದು ಬರೆದಿದ್ದಳು.

ಈಗಲೂ ಆ ಹೆಂಗಸು ಆಗಾಗ ಕೇಳುತ್ತಾಳೆ, ಎಷ್ಟು ಬೆಳೆಯಿತು ಎಂದು. ಅಕ್ಕ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ, ಇನ್ನೂ ಒಂದು ಬೆರಳಾಗಿಲ್ಲ ಎಂದು ಉತ್ತರ ಬರೆಯುತ್ತಾಳೆ.